1952ರ ಮಿಕ್ಕಿ ಮ್ಯಾಂಟಲ್ ಕಾರ್ಡ್: ದುಡ್ಡು ಕೊಡುವ ಮೊದಲು ಸ್ಕೇಲ್ ಹಿಡಿಯಿರಿ

ಟಾಪ್ಸ್ ಕಂಪನಿಯ 1952ರ ಬೇಸ್‌ಬಾಲ್ ಸೆಟ್‌ನ 311ನೇ ಕಾರ್ಡ್, ಅಂದರೆ ಅಮೆರಿಕದ ಬೇಸ್‌ಬಾಲ್ ಆಟಗಾರ ಮಿಕ್ಕಿ ಮ್ಯಾಂಟಲ್ ಚಿತ್ರವಿರುವ ಕಾರ್ಡ್, ಯಾರಾದರೂ ಮಾರಲು ತಂದರೆ ಮೊದಲು ಅಳೆಯಿರಿ. ಅಸಲಿ ಕಾರ್ಡ್ 2⅝ ಇಂಚು ಅಗಲ, 3¾ ಇಂಚು ಎತ್ತರ. 2½ × 3½ ಬಂದರೆ ಅದು 1983ರ ಮರುಮುದ್ರಣದ ಅಳತೆ, ಅಲ್ಲಿಗೇ ಬಿಡಿ.

ಅಳತೆ ಸರಿಯಿದ್ದರೆ 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಹೆಸರಿನ ಕಪ್ಪು ಅಕ್ಷರ ನೋಡಿ. ಅಸಲಿಯಲ್ಲಿ ಶಾಯಿ ಒಂದೇ ಸಮ ತುಂಬಿರುತ್ತದೆ. ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದರಲ್ಲಿ ಅಕ್ಷರದ ಅಂಚೇ ಬಣ್ಣಬಣ್ಣದ ಚುಕ್ಕಿಗಳಾಗಿ ಒಡೆದಿರುತ್ತದೆ. ಆಮೇಲೆ ನಾಲ್ಕೂ ಅಂಚು ಹೋಲಿಸಿ. ಒಂದು ಅಂಚು ಮಾತ್ರ ಹೊಸದಾಗಿ ಬೆಳ್ಳಗೆ, ಚೂಪಾಗಿದ್ದರೆ ಸವೆದ ಮೂಲೆ ಮುಚ್ಚಲು ಕತ್ತರಿಸಿದ್ದಾರೆ ಎಂಬ ಅನುಮಾನ ಇರಲಿ. ಕತ್ತರಿಸಿದ ಕಾರ್ಡಿಗೆ, ಸ್ಥಿತಿ ನೋಡಿ ಅಂಕ ಹಾಕುವ ಗ್ರೇಡಿಂಗ್‌ನವರು ಅಂಕ ಕೊಡುವುದಿಲ್ಲ, ಬೆಲೆ ಪಾತಾಳಕ್ಕಿಳಿಯುತ್ತದೆ.

ಅಪರೂಪವೊಂದೇ ಬೆಲೆಯಲ್ಲ. 311ರಿಂದ 407ರವರೆಗಿನ ಕಾರ್ಡುಗಳು ಸೀಸನ್ ಮುಗಿಯುವ ಹೊತ್ತಿಗೆ ಬಂದು ಮಾರಾಟವಾಗದೆ ಉಳಿದವು. 1960ರಲ್ಲಿ ಉಳಿಕೆ ದಾಸ್ತಾನನ್ನು ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದರು. ಆದರೂ ಮ್ಯಾಂಟಲ್ ಕಾರ್ಡನ್ನು ಹಾಳೆಯಲ್ಲಿ ಎರಡೆರಡು ಸಲ ಅಚ್ಚು ಹಾಕಿದ್ದರಿಂದ ಆ ಸಾಲಿನ ಬಹುತೇಕ ಕಾರ್ಡುಗಳಿಗಿಂತ ಅದೇ ಹೆಚ್ಚು ಸಿಗುತ್ತದೆ! ಬೆಲೆ ಏರಿಸುವುದು ಬೇಡಿಕೆ ಮತ್ತು ಸ್ಥಿತಿ. 2022ರಲ್ಲಿ 1.26 ಕೋಟಿ ಡಾಲರಿಗೆ ಹೋದ ಪ್ರತಿಗೆ ಹತ್ತಕ್ಕೆ 9.5 ಅಂಕವಿತ್ತು.

ಕೈಗೆ ಸಿಕ್ಕಿದ್ದನ್ನು ಒರೆಸಬೇಡಿ, ರಬ್ಬರಿನಿಂದ ಉಜ್ಜಬೇಡಿ, ಮಡಿಕೆ ಹೋಗಲೆಂದು ಒತ್ತಬೇಡಿ. ಮೊದಲು ಮೆತ್ತನೆಯ ತೆಳು ಸ್ಲೀವ್ (ಪ್ಲಾಸ್ಟಿಕ್ ಚೀಲ), ಅದರ ಮೇಲೆ ಗಟ್ಟಿ ಟಾಪ್‌ಲೋಡರ್ (ಬಾಗದ ಪ್ಲಾಸ್ಟಿಕ್ ಕವಚ). ಈ ಕಾರ್ಡ್ ಈಗಿನವಕ್ಕಿಂತ ದೊಡ್ಡದು, ಮಾಮೂಲಿ ಸ್ಲೀವಿಗೆ ತುರುಕಿದರೆ ಮೂಲೆ ಮುರಿಯುತ್ತದೆ. 1952ರ ಟಾಪ್ಸ್ ಅಳತೆಯದ್ದೇ ಎಂದು ಕೇಳಿ ತೆಗೆದುಕೊಳ್ಳಿ.