ಇಜಿಆರ್ ಬಂದ್ ಮಾಡಿ ಓಡಿಸಿದಾಗ ನನಗೆ ಕಂಡದ್ದು

ಶಿವಮೊಗ್ಗದಲ್ಲಿ ನನ್ನದೊಂದು ಚಿಕ್ಕ ಗ್ಯಾರೇಜ್ ಇದೆ. ಡೀಸೆಲ್ ಗಾಡಿಗಳೇ ಜಾಸ್ತಿ ಬರುತ್ತವೆ. ‘ಅಣ್ಣಾ, ಇಜಿಆರ್ ಬಂದ್ ಮಾಡಿಕೊಡಿ, ಪಿಕಪ್ ಬರುತ್ತಂತೆ’ ಎಂದು ಕೇಳುವವರು ತುಂಬಾ ಜನ. ಇಜಿಆರ್ ಎಂದರೆ ಹೊಗೆಯನ್ನು ಸ್ವಲ್ಪ ವಾಪಸ್ ಎಂಜಿನ್ ಒಳಗೆ ಬಿಡುವ ವಾಲ್ವ್. ಬೇರೆ ಕಡೆ ಬಂದ್ ಮಾಡಿಸಿಕೊಂಡವರು ಗಾಡಿ ಈಗ ಹೊಸದರ ಹಾಗೆ ಎಳೆಯುತ್ತಿದೆ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರು ಹೋಲಿಸುತ್ತಿರುವುದು ಮಸಿ ಕಟ್ಟಿ ಅರ್ಧ ತೆರೆದೇ ನಿಂತಿದ್ದ ವಾಲ್ವಿಗೆ. ಸರಿಯಾಗಿ ಕೆಲಸ ಮಾಡುವ ವಾಲ್ವಿಗೆ ಹೋಲಿಸಿದರೆ ಎಷ್ಟು ವ್ಯತ್ಯಾಸ? ಅದು ಗೊತ್ತಾಗಲಿ ಎಂದೇ ನನ್ನ ಸ್ವಂತ ಗಾಡಿಯಲ್ಲಿ ಮಾಡಿ ನೋಡಿದೆ. 1.3 ಲೀಟರಿನ ಕಾಮನ್ ರೈಲ್ ಡೀಸೆಲ್, ಬಿಎಸ್4 ಕಾರು.

ಇಜಿಆರ್ ಮಾಡುವ ಕೆಲಸ ಇಷ್ಟು. ಸೈಲೆನ್ಸರ್ ಕಡೆ ಹೋಗುವ ಹೊಗೆಯಲ್ಲಿ ಒಂದಿಷ್ಟನ್ನು ವಾಪಸ್ ಎಂಜಿನ್ ಒಳಗೆ ಬಿಡುತ್ತದೆ. ಒಳಗೆ ಆಮ್ಲಜನಕ ಕಡಿಮೆಯಾಗುತ್ತದೆ, ಡೀಸೆಲ್ ಉರಿಯುವಾಗಿನ ಅತಿ ಹೆಚ್ಚಿನ ಬಿಸಿ ತಗ್ಗುತ್ತದೆ. ಆ ಬಿಸಿಯಲ್ಲೇ ಗಾಳಿಯ ಸಾರಜನಕ ಆಮ್ಲಜನಕದ ಜೊತೆ ಸೇರಿ ನಾಕ್ಸ್ ಅನಿಲ ಆಗುವುದು. ಅಂದರೆ ಈ ವಾಲ್ವ್ ಇರುವುದು ನಾಕ್ಸ್ ತಗ್ಗಿಸಲು. ಇದು ತೆರೆಯುವುದು ಐಡ್ಲಿಂಗ್‌ನಲ್ಲಿ, ನಿಧಾನವಾಗಿ ಹೋಗುವಾಗ, ಎಂಜಿನ್ ಮೇಲೆ ಭಾರ ಕಡಿಮೆ ಇದ್ದಾಗ. ಆಕ್ಸಿಲರೇಟರ್ ಪೂರ್ತಿ ತುಳಿದರೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಅದನ್ನು ಮುಚ್ಚಿಬಿಡುತ್ತದೆ. ಈ ಕೊನೆಯ ಮಾತು ತುಂಬಾ ಜನಕ್ಕೆ ಗೊತ್ತಿಲ್ಲ.

ಹಾಗಾಗಿ ಮೊದಲು ವಾಲ್ವ್ ಬಿಚ್ಚಿ ಕ್ಲೀನ್ ಮಾಡಿದೆ. ಒಳಗೆ ಡಾಂಬರಿನ ಹಾಗೆ ಕರಿ ಪದರ ಕೂತಿತ್ತು. ಬರೀ ಹೊಗೆಯ ಮಸಿ ಅಷ್ಟು ಗಟ್ಟಿ ಕೂರುವುದಿಲ್ಲ. ಎಂಜಿನ್ ಬ್ರೀದರ್‌ನಿಂದ ಬರುವ ಆಯಿಲ್ ಹಬೆ ಅದಕ್ಕೆ ಸೇರಿ ಅಂಟು ಕಟ್ಟುತ್ತದೆ. ಮರದ ಕಡ್ಡಿಯಿಂದ ಕೆರೆದು, ಕಾರ್ಬನ್ ಕ್ಲೀನರ್ ಹೊಡೆದು, ಬ್ರಷ್ ಹಾಕಿದೆ. ಮೋಟಾರ್ ಇರುವ ಕಡೆಗೆ ದ್ರವ ಇಳಿಯದಂತೆ ವಾಲ್ವನ್ನು ಓರೆ ಹಿಡಿದೇ ಕೆಲಸ ಮಾಡಬೇಕು, ಇಲ್ಲದಿದ್ದರೆ ಒಳಗಿನ ಎಲೆಕ್ಟ್ರಿಕ್ ಭಾಗ ಹಾಳಾಗುತ್ತದೆ. ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿ, ಕ್ಲೀನ್ ವಾಲ್ವಿನಲ್ಲೇ ಕೆಲವು ವಾರ ಓಡಿಸಿದೆ. ಕಡಿಮೆ ಆರ್‌ಪಿಎಂನಲ್ಲಿ ಇದ್ದ ಎಳೆತದ ಕೊರತೆ ಅಲ್ಲೇ ಹೋಯಿತು. ಗೇರ್ ಹಾಕಿ ಹೊರಡುವಾಗ ಬರುತ್ತಿದ್ದ ಕರಿ ಹೊಗೆಯೂ ನಿಂತಿತು.

ಆಮೇಲೆ ಇಜಿಆರ್ ದಾರಿ ಮುಚ್ಚುವ ಪ್ಲೇಟ್ ಹಾಕಿದೆ. ಗ್ಯಾಸ್ಕೆಟ್ ಇಟ್ಟು ಅಳತೆ ಗುರುತು ಮಾಡಿ, ತೆಳು ಸ್ಟೇನ್‌ಲೆಸ್ ಸ್ಟೀಲ್ ತಗಡನ್ನು ಕತ್ತರಿಸಿ, ಬೋಲ್ಟಿನ ತೂತು ಮಾತ್ರ ಕೊರೆದೆ. ಕೆಲವರು ಅಲ್ಯೂಮಿನಿಯಂ ಡಬ್ಬಿ ಕತ್ತರಿಸಿ ಹಾಕುತ್ತಾರೆ. ಆ ಬಿಸಿಗೆ ಅದು ತಡೆಯುವುದಿಲ್ಲ. ಚೂರು ಹರಿದು ಎಂಜಿನ್ ಒಳಗೆ ಹೋದರೆ ಕಥೆ ಮುಗಿದ ಹಾಗೆ.

ಸ್ಕ್ಯಾನರ್ ಹಾಕಿ ನೋಡಿದರೆ ಬದಲಾವಣೆ ನೇರ ಕಾಣುತ್ತದೆ. ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿ, ಇಜಿಆರ್ ತೆರೆದಿದ್ದಾಗ, ಗಾಳಿಯ ಸೆನ್ಸರ್ ಒಂದು ಸ್ಟ್ರೋಕಿಗೆ ಸುಮಾರು 200 ಮಿಲಿಗ್ರಾಂ ತೋರಿಸುತ್ತಿತ್ತು. ಪ್ಲೇಟ್ ಹಾಕಿದ ಮೇಲೆ ಅದು 300ರ ಹತ್ತಿರ ಹೋಯಿತು. ಹೊಗೆ ಬರುತ್ತಿದ್ದ ಜಾಗಕ್ಕೆ ಹೊರಗಿನ ಗಾಳಿ ಬಂತು, ಅಷ್ಟೇ.

ಓಡಿಸುವಾಗ ಏನಾಯಿತು? ಊರೊಳಗೆ, ಎರಡನೇ ಮೂರನೇ ಗೇರಿನಲ್ಲಿ, ಕಾಲು ಇಟ್ಟ ಕೂಡಲೇ ಗಾಡಿ ಒಂಚೂರು ಬೇಗ ಮುಂದೆ ಹೋಗುತ್ತಿತ್ತು. ಹೊಗೆಯ ಒತ್ತಡದಿಂದ ತಿರುಗಿ ಎಂಜಿನ್ ಒಳಗೆ ಗಾಳಿ ತುಂಬುವ ಟರ್ಬೊ ಕಡೆಗೇ ಹೊಗೆಯೆಲ್ಲ ಹೋಗುವುದರಿಂದ ಅದು ಸಹಜ. ಆದರೆ ತೀರ್ಥಹಳ್ಳಿ ಮೇಲೆ ಹೋಗಿ ಆಗುಂಬೆ ಇಳಿದು, ಸೋಮೇಶ್ವರದಿಂದ ವಾಪಸ್ ಘಾಟಿ ಹತ್ತುವಾಗ, ತಿರುವು ದಾಟಿ ಪೂರ್ತಿ ತುಳಿದರೆ, ಕ್ಲೀನ್ ವಾಲ್ವಿಗೂ ಪ್ಲೇಟಿಗೂ ನನಗೆ ಏನೂ ಫರಕು ಕಾಣಲಿಲ್ಲ. ಕಾಣಬೇಕಾದ್ದೂ ಅಲ್ಲ, ಅಲ್ಲಿ ವಾಲ್ವ್ ಹೇಗೂ ಮುಚ್ಚಿಯೇ ಇರುತ್ತದೆ. ಮೈಲೇಜ್ ಕೂಡ ಹಾಗೇ. ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದೆ. ಬಂದ ವ್ಯತ್ಯಾಸ ಟ್ರಾಫಿಕ್‌ನಿಂದ ಬರುವಷ್ಟೇ ಇತ್ತು.

ಬೆಳಗ್ಗೆ ಎಂಜಿನ್ ಬಿಸಿಯಾಗುವುದು ತಡವಾಯಿತು, ಮಳೆಗಾಲದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಐಡ್ಲಿಂಗ್‌ನಲ್ಲಿ ಕಟಕಟ ಸದ್ದು ಸ್ವಲ್ಪ ಜಾಸ್ತಿಯಾಯಿತು. ಇಜಿಆರ್ ಬಂದ್ ಮಾಡಿದರೆ ಎಂಜಿನ್ ಸುಟ್ಟೇ ಹೋಗುತ್ತದೆ ಎಂದು ಹೆದರಿಸುವವರೂ ಇದ್ದಾರೆ. ಅದು ಸರಿಯಲ್ಲ. ಉರಿಯುವ ಕ್ಷಣದ ಬಿಸಿ ಏರುತ್ತದೆ ನಿಜ. ಆದರೆ ಭಾರ ಕಡಿಮೆ ಇದ್ದಾಗ ಗಾಳಿ ಜಾಸ್ತಿ ಹೋಗುವುದರಿಂದ ಹೊರಗೆ ಬರುವ ಹೊಗೆಯ ಬಿಸಿ ಏರುವುದಿಲ್ಲ, ಕಡಿಮೆಯೇ ಆಗುತ್ತದೆ. ಒಳ್ಳೆಯದನ್ನೂ ಹೇಳಬೇಕು. ಇಂಟೇಕ್ ಪೈಪ್ ಬಿಚ್ಚಿದಾಗ ಆಯಿಲ್ ಜಿಡ್ಡು ಇತ್ತು, ಹೊಸ ಮಸಿ ಕೂತಿರಲಿಲ್ಲ. ಎಂಜಿನ್ ಆಯಿಲ್ ಕೂಡ ಮೊದಲಿನಷ್ಟು ಬೇಗ ಕಪ್ಪಾಗಲಿಲ್ಲ.

ಚೆಕ್ ಎಂಜಿನ್ ಲೈಟ್ ಬಂತು, ಕೋಡ್ ಪಿ0401. ಇಜಿಆರ್ ಹರಿವು ಸಾಲದು ಎಂದು ಅದರ ಅರ್ಥ. ಇಸಿಯು ವಾಲ್ವ್ ತೆರೆ ಎಂದು ಹೇಳುತ್ತದೆ, ಗಾಳಿಯ ಅಂಕಿ ಇಳಿಯುವುದಿಲ್ಲ, ಅದಕ್ಕೆ ಗೊತ್ತಾಗಿಬಿಡುತ್ತದೆ. ಲೈಟ್ ಬರದಿರಲಿ ಎಂದು ಪ್ಲೇಟಿನಲ್ಲಿ ಸಣ್ಣ ತೂತು ಕೊರೆಯುತ್ತಾರೆ, ಇಲ್ಲವೇ ಇಸಿಯು ಸಾಫ್ಟ್‌ವೇರಿನಿಂದಲೇ ಇಜಿಆರ್ ತೆಗೆಸುತ್ತಾರೆ. ಸದಾ ಉರಿಯುವ ಲೈಟಿನ ದೊಡ್ಡ ತೊಂದರೆ ಏನೆಂದರೆ, ನಾಳೆ ಇಂಜೆಕ್ಟರೋ ಟರ್ಬೊವೋ ಕೈಕೊಟ್ಟಾಗ ಅದೇ ಲೈಟೇ ಅಲ್ವಾ ಎಂದು ಸುಮ್ನೆ ಓಡಿಸುತ್ತೀರಿ.

ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ಹೊಗೆ ತಪಾಸಣೆ. ಡೀಸೆಲ್ ಗಾಡಿಗೆ ನಮ್ಮಲ್ಲಿ ಅಳೆಯುವುದು ಹೊಗೆ ಎಷ್ಟು ಕಪ್ಪಗಿದೆ ಎಂಬುದನ್ನು ಮಾತ್ರ. ನಾಕ್ಸ್ ಅಳೆಯುವುದೇ ಇಲ್ಲ. ಇಜಿಆರ್ ಬಂದ್ ಮಾಡಿದರೆ ಮಸಿ ಕಡಿಮೆ, ಹಾಗಾಗಿ ಸರ್ಟಿಫಿಕೇಟ್ ಸಲೀಸಾಗಿ ಬರುತ್ತದೆ. ಆದರೆ ಬಿಎಸ್4 ಡೀಸೆಲ್ ಕಾರಿಗೆ ಕಿಲೋಮೀಟರಿಗೆ 0.25 ಗ್ರಾಂ, ಬಿಎಸ್6ಕ್ಕೆ 0.08 ಗ್ರಾಂ ಎಂದು ನಾಕ್ಸ್ ಮಿತಿ ಇದೆ. ಅದನ್ನು ಉಳಿಸಿಕೊಳ್ಳಲು ಇರುವ ಸಾಧನವನ್ನೇ ನಾವು ಮುಚ್ಚುತ್ತಿದ್ದೇವೆ. 2015ರಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಪ್ರಕರಣದಲ್ಲೂ ಇಂಥದ್ದೇ ನಡೆದಿತ್ತು. ಯುರೋಪಿನ ಇಎ189 ಎಂಜಿನ್‌ಗಳಲ್ಲಿ ಸಾಫ್ಟ್‌ವೇರ್ ಹೊಗೆ ಪರೀಕ್ಷೆ ನಡೆಯುವ ಹೊತ್ತಿಗೆ ಇಜಿಆರ್ ಜಾಸ್ತಿ ಬಿಟ್ಟು, ರಸ್ತೆಯಲ್ಲಿ ಕಡಿಮೆ ಮಾಡುತ್ತಿತ್ತು. ಕಣ್ಣಿಗೆ ಕಾಣದ ಈ ಅನಿಲ ಶ್ವಾಸಕೋಶಕ್ಕೆ ಕೆಟ್ಟದ್ದು, ಅಸ್ತಮಾ ಇರುವವರಿಗಂತೂ ಇನ್ನೂ ಕಷ್ಟ. ಅದೂ ಇಜಿಆರ್ ಕೆಲಸ ಮಾಡುವುದೇ ಸಿಗ್ನಲ್ಲು, ಬಸ್ ಸ್ಟ್ಯಾಂಡು, ಶಾಲೆ ಮುಂದೆ, ಜನ ನಿಂತಿರುವ ಜಾಗದಲ್ಲಿ ಗಾಡಿ ನಿಧಾನ ಹೋಗುವಾಗ. ಆ ಒಂಚೂರು ಪಿಕಪ್‌ಗೆ ಇಷ್ಟು ಬೆಲೆ ನನಗೆ ಒಪ್ಪಿಗೆಯಾಗಲಿಲ್ಲ. ಪ್ಲೇಟ್ ತೆಗೆದುಬಿಟ್ಟೆ.

ಈಗ ಗಿರಾಕಿಗಳಿಗೆ ಕ್ಲೀನ್ ಮಾಡಿಕೊಡುತ್ತೇನೆ, ಬಂದ್ ಮಾಡಿಕೊಡುವುದಿಲ್ಲ. ಕಾರ್ಬನ್ ಯಾಕೆ ಬಂತು ಎಂದೂ ನೋಡುತ್ತೇನೆ. ಇಂಜೆಕ್ಟರ್ ಸರಿಯಿಲ್ಲದೆ ಕರಿ ಹೊಗೆ ಬರುತ್ತಿದ್ದರೆ, ಟರ್ಬೊದಿಂದ ಆಯಿಲ್ ಬರುತ್ತಿದ್ದರೆ, ವಾಲ್ವ್ ಎಷ್ಟು ತೊಳೆದರೂ ಮತ್ತೆ ಕಟ್ಟುತ್ತದೆ. ದಿನಾ ಎರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಗೆ ಆಗಾಗ ಹೈವೇ ತೋರಿಸಬೇಕು. ಕೂಲೆಂಟ್ ಕಡಿಮೆಯಾಗುತ್ತಿದ್ದರೆ ವಾಪಸ್ ಬಿಡುವ ಹೊಗೆಯನ್ನು ತಣಿಸುವ ಇಜಿಆರ್ ಕೂಲರ್ ಒಳಗೆ ಲೀಕ್ ಇರಬಹುದು. ಅದಕ್ಕೆ ಕೂಲರ್ ಬದಲಿಸುವುದೇ ದಾರಿ.

ಬಿಎಸ್6 ಗಾಡಿಯಲ್ಲಿ ಪ್ಲೇಟಿನ ಮಾತೇ ಬೇಡ. ಅನೇಕ ಗಾಡಿಗಳಲ್ಲಿ ಇಜಿಆರ್ ಕೋಡ್ ಇದ್ದರೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತನ್ನಷ್ಟಕ್ಕೆ ಮಸಿ ಸುಟ್ಟುಕೊಳ್ಳುವುದನ್ನು ಇಸಿಯು ತಡೆಹಿಡಿಯುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಖರ್ಚು ದೊಡ್ಡದು.

ಯಾರಾದರೂ ಬಂದ್ ಮಾಡಿಸಿ ಎಂದರೆ ಮೊದಲು ಈ ಪರೀಕ್ಷೆ ಕೇಳಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಸ್ಕ್ಯಾನರಿನಿಂದ ವಾಲ್ವನ್ನು ತೆರೆದು ಮುಚ್ಚಿ ಮಾಡಿಸಿ. ತೆರೆದಾಗ ಗಾಳಿಯ ಅಂಕಿ ಚೆನ್ನಾಗಿ ಇಳಿದು, ಮುಚ್ಚಿದಾಗ ವಾಪಸ್ ಏರಿದರೆ ವಾಲ್ವ್ ಸರಿಯಿದೆ, ಎಳೆತದ ತೊಂದರೆಯನ್ನು ಬೇರೆ ಕಡೆ ಹುಡುಕಬೇಕು. ಅಂಕಿ ಇದ್ದಲ್ಲೇ ಇದ್ದರೆ ವಾಲ್ವ್ ಬಿಚ್ಚಿ ನೋಡಿ.