ಕಾಲಿಲ್ಲದ ಕುರ್ಚಿ ನಿಂತಿತು: ನನ್ನ ಅನುಭವ

ಧಾರವಾಡದ ಒಂದು ಕಾಲೇಜಿನವರು ಡಚ್ ವಾಸ್ತುಶಿಲ್ಪಿ ಗೆರಿಟ್ ರೀಟ್‌ವೆಲ್ಡ್ ಅವರ ಮನೆ ಮತ್ತು ಪೀಠೋಪಕರಣಗಳ ಪ್ರದರ್ಶನ ಇಟ್ಟಿದ್ದರು. ಅವರ ಕುರ್ಚಿಗಳ ನಕಲು ಮಾಡುವ ಕೆಲಸ ನನಗೆ ಬಂತು. ಷರತ್ತು ಒಂದೇ ಹಾಕಿದೆ: ಬಂದವರು ಕೂರಬೇಕು. ಹಗ್ಗ ಕಟ್ಟಿ ‘ಮುಟ್ಟಬೇಡಿ’ ಬೋರ್ಡ್ ಹಾಕೋದಾದರೆ ಥರ್ಮಾಕೋಲಿನಲ್ಲೇ ಮಾಡಿಸಿಕೊಳ್ಳಿ ಅಂದೆ.

ರೆಡ್ ಬ್ಲೂ ಕುರ್ಚಿ ಕಷ್ಟದ್ದಲ್ಲ. ಪಟ್ಟಿಗಳು ಒಂದನ್ನೊಂದು ದಾಟಿ ಹೋಗುತ್ತವೆ, ಡೋವೆಲ್ (ಮರದ ಗೂಟ) ಹೊಡೆದರೆ ಮುಗೀತು. ಬೆನ್ನಿಗೆ ಕೆಂಪು, ಆಸನಕ್ಕೆ ನೀಲಿ, ಪಟ್ಟಿಗಳಿಗೆ ಕಪ್ಪು, ಕೊಯ್ದ ತುದಿಗಳಿಗೆ ಹಳದಿ. ತಲೆನೋವು ಶುರುವಾಗಿದ್ದು 1934ರ ಸುಮಾರಿನ ಝಿಗ್‌ಜಾಗ್‌ನಿಂದ. ಬೆನ್ನು, ಆಸನ, ಅದರ ಮುಂಚಿನಿಂದ ಹಿಂದಕ್ಕೆ ಇಳಿಯುವ ಓರೆ ಹಲಗೆ, ನೆಲದ ಹಲಗೆ: Z ಅಕ್ಷರದ ಹಾಗೆ ಜೋಡಿಸಿದ ನಾಲ್ಕೇ ಹಲಗೆ, ಕಾಲೇ ಇಲ್ಲ. ಹುಬ್ಬಳ್ಳಿಯ ಹಿರಿಯ ಮಿಸ್ತ್ರಿಯೊಬ್ಬರು ಫೋಟೊ ನೋಡಿ, "ತಮ್ಮಾ, ಇದು ಕುಂದ್ರೂ ಕುರ್ಚಿ ಅಲ್ಲೋ, ಬೀಳೂ ಕುರ್ಚಿ" ಅಂದರು.

ಮೊದಲನೇದು ಪ್ಲೈವುಡ್‌ನಲ್ಲಿ. ಅಗ್ಗ ಅಂತ ಕಾಲೇಜಿನವರ ಒತ್ತಾಯ. ಪದರಗಳ ಮಧ್ಯೆ ಸ್ಕ್ರೂ ಹಿಡಿಯಲೇ ಇಲ್ಲ, ಕೂತ ಹುಡುಗ ಹಲಗೆ ಸಮೇತ ಕೆಳಗೆ. ಆಮೇಲೆ ಅಕೇಶಿಯಾ ತಂದೆ. ಗಟ್ಟಿ ಏನೋ ಹೌದು, ಆದರೆ ಜುಲೈ ತಿಂಗಳ ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ವಾ? ವಾರದೊಳಗೆ ಹಲಗೆ ದೋಣಿಯಂತೆ ಬಾಗಿತು. ಏಳೆಂಟು ಸಾವಿರ ಅಲ್ಲೇ ಹೋಯ್ತು.

ಕೊನೆಗೆ ದಾಂಡೇಲಿ ಕಡೆಯ ಹಳೇ ಸಾಗವಾನಿ. ಸಿಎಫ್‌ಟಿಗೆ, ಅಂದರೆ ಘನ ಅಡಿಗೆ, ನಾಲ್ಕೂವರೆ ಸಾವಿರದ ಆಸುಪಾಸು. ಒಂದು ಕುರ್ಚಿಗೆ ವೇಸ್ಟ್ ಸೇರಿ ಮುಕ್ಕಾಲು ಸಿಎಫ್‌ಟಿ ಸಾಕು. ಅಗಲ ಹದಿನಾಲ್ಕೂವರೆ ಇಂಚು ಬೇಕು, ಅದನ್ನು ಒಂದೇ ಹಲಗೆಯಲ್ಲಿ ತೆಗೆಯಬೇಡಿ. ಐದೈದು ಇಂಚಿನ ಮೂರು ಪಟ್ಟಿ ಜೋಡಿಸಿ, ಪಟ್ಟಿಯ ತುದಿಯಲ್ಲಿ ಕಾಣುವ ಮರದ ಉಂಗುರಗಳ ಬಾಗು ಒಂದರದ್ದು ಮೇಲಕ್ಕೆ, ಪಕ್ಕದ್ದರದ್ದು ಕೆಳಕ್ಕೆ ಬರುವಂತೆ ತಿರುಗಿಸಿ. ಮರದ ಎಳೆ ಮಾತ್ರ ಬೆನ್ನಿನಿಂದ ನೆಲದವರೆಗೂ ಉದ್ದಕ್ಕೇ ಹರಿಯಬೇಕು. ಅಡ್ಡ ಹಾಕಿದರೆ ಸೀಳಿಕೊಳ್ಳುತ್ತೆ.

ಬೆನ್ನು ಮತ್ತು ಆಸನ ಸೇರುವಲ್ಲಿ ಡವ್‌ಟೇಲ್, ಅಂದರೆ ಪಾರಿವಾಳದ ಬಾಲದಂಥ ಹಲ್ಲುಗಳು ಒಂದರೊಳಗೊಂದು ಕಚ್ಚುವ ಜೋಡಣೆ. ಒರಗಿದಾಗ ಬಾಯಿ ಬಿಡೋದು ಅಲ್ಲೇ, ಬರೀ ಗಮ್ ತಡೆಯಲ್ಲ. ಆಸನದ ಕೆಳಗೆ ಮತ್ತು ನೆಲದ ಹಲಗೆಯ ಹಿಂದೆ ಕಥೆ ಉಲ್ಟಾ. ಕೂತ ಭಾರಕ್ಕೆ ಆ ಎರಡೂ ಕೋನ ಮುಚ್ಚಿಕೊಳ್ಳಲು ನೋಡುತ್ತವೆ. ಅದಕ್ಕೇ ರೀಟ್‌ವೆಲ್ಡ್ ಒಳಮೂಲೆಗೆ ತ್ರಿಕೋನದ ಬೆಣೆ ಕೊಟ್ಟಿದ್ದಾರೆ. ಅವರ ಹಾಗೆ ಅಪ್ಪನ ವರ್ಕ್‌ಶಾಪ್‌ನಲ್ಲಿ ಬಡಿಗತನ ಕಲಿತವರಿಗಲ್ಲದೆ ಇದು ಹೊಳೆಯಲ್ಲ. ನಾನು ಬೆಣೆಯೊಳಗೆ ಹೊರಗಿನಿಂದ ಬೋಲ್ಟ್ ಬಿಗಿದು, ತಲೆ ಮುಚ್ಚಿದೆ. ಬೆಣೆಯ ಎಳೆ ಯಾವ ಕಡೆ ಇಟ್ಟೆ, ನಲವತ್ತೈದು ಡಿಗ್ರಿಯ ಕೋನಕ್ಕೆ ಕ್ಲ್ಯಾಂಪ್ ಜಾರದಂತೆ ಹೇಗೆ ಕೂರಿಸಿದೆ, ಅದನ್ನೆಲ್ಲ ಇಲ್ಲಿ ಬಿಚ್ಚಿಡಲ್ಲ. ಹೊಟ್ಟೆಪಾಡು.

ಮಧ್ಯೆ ಸುಮ್ನೆ ಒಂದು ಆಟ ಆಡಿದೆ. ರೀಟ್‌ವೆಲ್ಡ್ ಪ್ಯಾಕಿಂಗ್ ಪೆಟ್ಟಿಗೆಯ ಮರದಲ್ಲೂ ಕುರ್ಚಿ ಮಾಡಿದ್ದರು. ಹುಬ್ಬಳ್ಳಿಯ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಮಷೀನ್ ಬಂದ ಪೈನ್ ಪೆಟ್ಟಿಗೆಗಳು ಸಿಗುತ್ತವೆ. ಮೊಳೆ ಕಿತ್ತು, ರಂದಾ ಹೊಡೆದು ಒಂದು ಕುರ್ಚಿ ಎಬ್ಬಿಸಿದೆ. ಖರ್ಚು ಐನೂರೂ ದಾಟಿಲ್ಲ. ಕೂರಲು ಝಿಗ್‌ಜಾಗ್‌ಗಿಂತ ಅದೇ ಹಿತ, ನಿಜ ಹೇಳಬೇಕಂದರೆ.

ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ರೀಟ್‌ವೆಲ್ಡ್ ವಿನ್ಯಾಸ ಮಾಡಿದ ಶ್ರೋಡರ್ ಮನೆಯ ಮಾದರಿಯನ್ನೂ ನಾನೇ ಮಾಡಿದೆ. 1924ರ ಮನೆ, 2000ದಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ. ನೋಡಲು ಕಾಂಕ್ರೀಟ್ ಅನ್ನಿಸಿದರೂ ಗೋಡೆಗಳು ಜಾಸ್ತಿ ಇಟ್ಟಿಗೆ, ಮೇಲೆ ಗಿಲಾವು. ಮೇಲಂತಸ್ತಿನ ಒಳಗಿನ ತಡಿಕೆ ಗೋಡೆಗಳು ಮಾತ್ರ ಸರಿಯುತ್ತವೆ. ಮಾದರಿಯಲ್ಲೂ ಸರಿಯುವಂತೆ ಮಾಡಿದ್ದೆ, ಮಕ್ಕಳು ಎರಡೇ ದಿನದಲ್ಲಿ ಚಾನೆಲ್ ಕಿತ್ತಿಟ್ಟರು.

ಝಿಗ್‌ಜಾಗ್‌ಗೆ ಮಾತ್ರ ಏನೂ ಆಗಲಿಲ್ಲ. ನೂರಾರು ಜನ ಕೂತರು, ತೊಂಬತ್ತು ಕಿಲೊ ದಾಟಿದವರೂ ಇದ್ದರು. ಮಿಸ್ತ್ರಿ ಕಾಕಾ ಬಂದು ಎರಡು ಸಲ ಕುಕ್ಕಿ ಕೂತು ನೋಡಿ, "ಬೋಲ್ಟ್ ಎಲ್ಲಿ ಮುಚ್ಚೀಯೋ?" ಅಂದರು. ಹೇಳಲಿಲ್ಲ.

ಕೂಲಿ, ಪಾಲಿಶ್ ಸೇರಿ ಒಂದಕ್ಕೆ ಒಂಬತ್ತು ಸಾವಿರ ಬಿತ್ತು. ಪ್ರದರ್ಶನ ನೋಡಿ ಇಬ್ಬರು ಮನೆಗೆ ಬೇಕು ಅಂದರು. ಹನ್ನೆರಡು ಹೇಳಿದ್ದೇನೆ. ಒಬ್ಬರು ಅದೇ ರೇಟಿಗೆ ದಿಂಬೂ ಕೊಡಿ ಅಂತ ಹಟ ಹಿಡಿದಿದ್ದಾರೆ.