ಎಚ್. ಪೈಲೋರಿ: ತುಣುಕು ತೆಗೆಯುವುದರಿಂದ ಉಸಿರಿನ ಪರೀಕ್ಷೆಯವರೆಗೆ

ಮುಂಬೈಯ ಮಾಟುಂಗ, ಡೊಂಬಿವಲಿ ಕಡೆಯಿಂದ ಹೊಟ್ಟೆಯುರಿ ಅಂತ ಬರುವ ನಮ್ಮ ಕನ್ನಡದವರಲ್ಲಿ, ಅದರಲ್ಲೂ ಹೋಟೆಲ್ ಕೆಲಸದವರಲ್ಲಿ, ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ನುಂಗದೆ ಬರುವವರು ಕಡಿಮೆ. ಎಂಡೋಸ್ಕೋಪಿಗೆ (ಕ್ಯಾಮೆರಾ ಕೊಳವೆಯಿಂದ ಜಠರ ನೋಡುವುದಕ್ಕೆ) ಎರಡು ವಾರ ಮುಂಚೆ ಆ ಮಾತ್ರೆ ಬಿಡಿಸುತ್ತೇನೆ. ಆ್ಯಂಟಿಬಯೋಟಿಕ್, ಬಿಸ್ಮತ್ ಆದರೆ ನಾಲ್ಕು ವಾರ. ಬಿಡದಿದ್ದರೆ ಜಠರದಲ್ಲಿ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದ್ದರೂ ಪರೀಕ್ಷೆಯಲ್ಲಿ ಸಿಗದೆ ಹೋಗಬಹುದು. ತೂಕ ಇಳಿದಿದ್ದರೆ, ನುಂಗಲು ಕಷ್ಟವಾದರೆ, ರಕ್ತ ವಾಂತಿಯಾಗಿದ್ದರೆ ಮಾತ್ರ ಕಾಯುವುದಿಲ್ಲ.

ಜಠರದ ಕೆಳಭಾಗದಿಂದ ಎರಡು, ಮೇಲಿನ ದೇಹಭಾಗದಿಂದ ಎರಡು, ನಡುವಿನ ಮಡಿಕೆಯಿಂದ ಒಂದು, ಹೀಗೆ ಒಳಪದರದ ಸಣ್ಣ ತುಣುಕು ತೆಗೆಯುತ್ತೇನೆ. ಆಮ್ಲ ತಗ್ಗಿಸುವ ಮಾತ್ರೆ ತಿಂದವರಲ್ಲಿ ಬ್ಯಾಕ್ಟೀರಿಯಾ ಮೇಲಕ್ಕೆ ಸರಿದಿರುತ್ತದೆ, ಹಾಗಾಗಿ ಕೆಳಭಾಗವೊಂದನ್ನೇ ನಂಬಬಾರದು. ಯೂರಿಯೇಸ್ ಕಿಟ್‌ಗೆ ಹಾಕುವ ತುಣುಕು ಮೊದಲು (ಬ್ಯಾಕ್ಟೀರಿಯಾದ ಯೂರಿಯೇಸ್ ಕಿಣ್ವ ಇದ್ದರೆ ಹಳದಿ ಕಿಟ್ ಗುಲಾಬಿಯಾಗುತ್ತದೆ), ಸೂಕ್ಷ್ಮದರ್ಶಕದಲ್ಲಿ ನೋಡಲು ಫಾರ್ಮಲಿನ್ ಸೀಸೆಗೆ ಹೋಗುವವು ಆಮೇಲೆ. ಫಾರ್ಮಲಿನ್ ತಾಗಿದ ಫೋರ್ಸೆಪ್ಸ್‌ನಿಂದ ತೆಗೆದ ತುಣುಕು ಕಿಟ್‌ನಲ್ಲಿ ಹಳದಿಯಾಗಿಯೇ ಉಳಿದು ಮೋಸ ಮಾಡುತ್ತದೆ. 24 ಗಂಟೆ ಕಳೆದ ಮೇಲೆ ಗುಲಾಬಿ ಬಂದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಷ್ಟೆಲ್ಲ ಎಚ್ಚರ ಏಕೆಂದರೆ, ಕಣ್ತಪ್ಪಿದ ಸೋಂಕು ದಶಕಗಳ ಕಾಲ ಹಾನಿ ಮಾಡಬಹುದು. ಆ ಹಾನಿಯ ಬಹುಪಾಲು ನಮ್ಮ ರೋಗನಿರೋಧಕ ವ್ಯವಸ್ಥೆಯದೇ. ಈ ಬ್ಯಾಕ್ಟೀರಿಯಾ ಕ್ಯಾಗ್‌ಎ ಎಂಬ ಪ್ರೋಟೀನನ್ನು ಜಠರದ ಜೀವಕೋಶದೊಳಗೆ ಚುಚ್ಚುತ್ತದೆ. ಜೀವಕೋಶ ಐಎಲ್-8 ಎಂಬ ಸಂಕೇತ ಬಿಡುಗಡೆ ಮಾಡುತ್ತದೆ, ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ಧಾವಿಸುತ್ತವೆ. ಇತ್ತ ಬ್ಯಾಕ್ಟೀರಿಯಾದ ಇನ್ನೊಂದು ಪ್ರೋಟೀನ್ ವ್ಯಾಕ್‌ಎ, ರಕ್ಷಣಾ ಪಡೆಯ ಟಿ-ಕೋಶಗಳನ್ನು ತಣ್ಣಗಾಗಿಸುತ್ತದೆ; ಬ್ಯಾಕ್ಟೀರಿಯಾದ ಕಶಾಂಗದ (ಈಜುವ ಬಾಲದ) ಪ್ರೋಟೀನನ್ನು ನಮ್ಮ ಜೀವಕೋಶದ ಕಾವಲುಗಾರ ಟಿಎಲ್‌ಆರ್-5 ಗುರುತಿಸುವುದೇ ಇಲ್ಲ. ಯುದ್ಧ ಗೆಲ್ಲುವುದೂ ಇಲ್ಲ, ನಿಲ್ಲುವುದೂ ಇಲ್ಲ. ದಶಕಗಳ ಉರಿಯೂತದಲ್ಲಿ ಗ್ರಂಥಿಗಳು ಸವೆದು, ಒಳಪದರ ಕರುಳಿನ ಪದರದಂತೆ ಬದಲಾಗುತ್ತದೆ. ಕೆಲವರಲ್ಲಿ ಅಲ್ಲಿಂದ ಮುಂದೆ ಕ್ಯಾನ್ಸರ್. 1994ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು ಈ ಬ್ಯಾಕ್ಟೀರಿಯಾವನ್ನು ಮೊದಲ ದರ್ಜೆಯ ಕ್ಯಾನ್ಸರ್‌ಕಾರಕ ಎಂದು ಘೋಷಿಸಿದರು. ಆದರೂ ಸೋಂಕಿರುವ ಬಹುತೇಕರಿಗೆ ಕ್ಯಾನ್ಸರ್ ಬರುವುದಿಲ್ಲ ಅನ್ನುವುದನ್ನೂ ರೋಗಿಗೆ ಹೇಳಲೇಬೇಕು.

ಔಷಧ 14 ದಿನ: ಎಸೋಮೆಪ್ರಜೋಲ್ 40 ಮಿ.ಗ್ರಾಂ. ಎರಡು ಹೊತ್ತು, ಊಟಕ್ಕೆ ಅರ್ಧ ಗಂಟೆ ಮುಂಚೆ; ಬಿಸ್ಮತ್ ಸಬ್‌ಸಿಟ್ರೇಟ್ 120, ಟೆಟ್ರಾಸೈಕ್ಲಿನ್ 500 ನಾಲ್ಕು ಸಲ; ಮೆಟ್ರೋನಿಡಜೋಲ್ 400 ಮೂರು ಸಲ. ಗರ್ಭಿಣಿಯರಿಗೆ ಇದು ಬೇಡ. ಟೆಟ್ರಾಸೈಕ್ಲಿನ್ ಜೊತೆ ಹಾಲಿನ ಚಹಾ ಬೇಡ, ಕೋರ್ಸ್ ಮುಗಿಯುವವರೆಗೆ ಮದ್ಯ ಬೇಡ. “ಡಾಕ್ಟ್ರೇ, ಮಲ ಕಪ್ಪಾಯ್ತು” ಅಂತ ಫೋನ್ ಬರುತ್ತದೆ. ಅದು ಬಿಸ್ಮತ್‌ನ ಬಣ್ಣ ಅಂತ ಮೊದಲೇ ಹೇಳಿಟ್ಟರೆ ಅರ್ಧಕ್ಕೆ ಬಿಡುವವರು ಕಡಿಮೆಯಾಗುತ್ತಾರೆ. ಅರ್ಧಕ್ಕೆ ಬಿಟ್ಟ ಕೋರ್ಸೇ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಸುವ ದಾರಿ.

ಕೋರ್ಸ್ ಮುಗಿದು ನಾಲ್ಕು ವಾರವಾದ ಮೇಲೆ ಯೂರಿಯಾ ಉಸಿರಿನ ಪರೀಕ್ಷೆ (ಯೂರಿಯಾ ಕೊಟ್ಟು, ಬ್ಯಾಕ್ಟೀರಿಯಾ ಉಳಿದಿದೆಯೇ ಎಂದು ಉಸಿರಿನಲ್ಲಿ ನೋಡುವುದು), ಅದಕ್ಕೂ ಮುಂಚೆ ಎರಡು ವಾರ ಆಮ್ಲದ ಮಾತ್ರೆ ಬಂದ್. ರಕ್ತದ ಆ್ಯಂಟಿಬಾಡಿ ಪರೀಕ್ಷೆ ಇಲ್ಲಿ ನಿಷ್ಪ್ರಯೋಜಕ; ಬ್ಯಾಕ್ಟೀರಿಯಾ ಹೋದರೂ ಅದು ಬಹಳ ಕಾಲ ಪಾಸಿಟಿವ್ ಇರುತ್ತದೆ. ಜಠರದ ಕೆಳಗೂ ಮೇಲೂ ಎರಡೂ ಭಾಗದಲ್ಲಿ ಒಳಪದರ ಬದಲಾಗಿದ್ದವರನ್ನು, ಪರೀಕ್ಷೆ ನೆಗೆಟಿವ್ ಬಂದರೂ, ಮೂರು ವರ್ಷಕ್ಕೊಮ್ಮೆ ಎಂಡೋಸ್ಕೋಪಿಗೆ ಕರೆಸುತ್ತೇನೆ.